ಆರು ಮೊಳದ ಗೋಡೆ

ನನ್ನ ಮಾವ ಐವಿಂದ್ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು. ಬಾಗಿಲಲ್ಲಿ ನಿಂತವರು ಬನ್ನಿ ಅನ್ನುವಷ್ಟರಲ್ಲಿ ಹುಲ್ಲುಮಣ್ಣಿನ ಹೆಂಟೆಗಳ ಸಂದಿಗೆ ಬೆರಳು ತೂರಿಸಿ, ಮೊಣಕೈವರೆಗೆ ತೋಳು ಇಳಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಳಗೆ ತೇವ ಇಳಿದಿದೆಯೋ, ಎಲ್ಲಾದರೂ ಟೊಳ್ಳಾಗಿದೆಯೋ ಎಂದು ಬೆರಳಿನಲ್ಲೇ ನೋಡುತ್ತಿದ್ದರು. ಆಮೇಲೆ ಕೈ ಹೊರತೆಗೆದು ಮಣ್ಣು ಒರೆಸಿಕೊಂಡು, "ಯಾವ ಪುಣ್ಯಾತ್ಮ ಕಟ್ಟಿದ್ದಪ್ಪಾ ಇದನ್ನ?" ಎಂದು ಕೇಳುತ್ತಿದ್ದರು. ಮುಕ್ಕಾಲು ಪಾಲು ಮನೆಗಳಲ್ಲಿ ಕಟ್ಟಿದ ಪುಣ್ಯಾತ್ಮ ಅವರೇ ಆಗಿರುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಜೊತೆ ಎಲ್ಲಿಗಾದರೂ ಹೋಗಲು ನನಗೆ ನಾಚಿಕೆಯಾಗುತ್ತಿತ್ತು.

ಗ್ರೀನ್‌ಲ್ಯಾಂಡಿನ ಪಶ್ಚಿಮ ವಸತಿಯಲ್ಲಿ ನಮ್ಮದು ಎಂಟು ಮನೆಯ ಕೊಲ್ಲಿ. ಕಲ್ಲಿಗೆ ಬರವಿರಲಿಲ್ಲ, ಆದರೆ ಕಲ್ಲೊಂದೇ ಚಳಿ ತಡೆಯುವುದಿಲ್ಲ. ಹುಲ್ಲುಗಾವಲಿನ ನೆಲವನ್ನು ಬೇರು ಸಮೇತ ಹೆಂಟೆಹೆಂಟೆಯಾಗಿ ಕತ್ತರಿಸಿ, ಒಂದು ಸಾಲು ಎಡಕ್ಕೆ ವಾಲಿಸಿ, ಮೇಲಿನ ಸಾಲು ಬಲಕ್ಕೆ ವಾಲಿಸಿ ಪೇರಿಸಿದರೆ ಅದು ಗೋಡೆ. ಬೇರುಗಳು ಒಂದರೊಳಗೊಂದು ಹೆಣೆದುಕೊಂಡು ವರ್ಷದೊಳಗೆ ಒಂದೇ ಮೈಯಾಗುತ್ತವೆ. ಮಾವ ಹನ್ನೆರಡನೇ ವಯಸ್ಸಿಗೆ ಹೆಂಟೆಗುದ್ದಲಿ ಹಿಡಿದವರು. ಅವರ ಅಪ್ಪ ದೊಡ್ಡಮನೆಯ ಆಳು, ಸ್ವಂತಕ್ಕೆ ಒಂದು ಹಸುವೂ ಇರಲಿಲ್ಲ. ಮಾವ ಗೋಡೆ ಕಟ್ಟಿ ಕಟ್ಟಿ, ಕೂಲಿಗೆ ಗಿಣ್ಣಿನ ಗಡ್ಡೆ, ಉಣ್ಣೆ, ಸೀಲ್ ಕೊಬ್ಬು ತಂದು, ಕೊನೆಗೆ ಒಂದು ಹೆಣ್ಣುಕರು ತಂದರು. ಆವತ್ತಿನಿಂದ ಚರ್ಚಿನಲ್ಲಿ ಅವರಿಗೆ ಕೂರಲು ಹಲಗೆ ಸಿಕ್ಕಿತು. ನಮ್ಮಲ್ಲಿ ಹಸು ಇಲ್ಲದವನು ಹಿಂದೆ ನಿಂತೇ ಪ್ರಾರ್ಥನೆ ಮಾಡಬೇಕು. ಅವರಪ್ಪ ಸಾಯುವತನಕ ನಿಂತೇ ಇದ್ದರಂತೆ. ಅದನ್ನು ಹೇಳುವಾಗ ಮಾವನ ದನಿ ಸಣ್ಣಗಾಗುತ್ತಿತ್ತು.

ನಾನು ಸೊಸೆಯಾಗಿ ಬಂದಾಗ ನಮ್ಮ ಕೊಟ್ಟಿಗೆಯ ಗೋಡೆ ಮೂರು ಮೊಳ ದಪ್ಪ ಇತ್ತು. ಆ ವರ್ಷ ಚಳಿಗಾಲ ಬೇಗ ಬಂತು, ಎರಡು ಹಸು ಸತ್ತವು. ಮಾವ ಗೋಡೆಯನ್ನು ನಾಲ್ಕು ಮೊಳ ಮಾಡಿದರು. ಎರಡು ವರ್ಷ ಬಿಟ್ಟು ಇನ್ನೂ ಕೆಟ್ಟ ಚಳಿಗಾಲ. ಗೋಡೆ ಐದು ಮೊಳವಾಯಿತು. ಕೊಲ್ಲಿಯ ಎಲ್ಲ ಮನೆಯವರೂ ಅವರನ್ನೇ ಕರೆಯುತ್ತಿದ್ದರು, ಎಲ್ಲರ ಗೋಡೆಯೂ ದಪ್ಪವಾಗುತ್ತಾ ಹೋಯಿತು. ಮಾವನಿಗೆ ಅಷ್ಟು ಕೆಲಸ ಹಿಂದೆಂದೂ ಬಂದಿರಲಿಲ್ಲ. ಗುದ್ದಲಿ ಹೆಗಲಿಗೇರಿಸಿ ಸೀಟಿ ಹಾಕುತ್ತಾ ಹೋಗುತ್ತಿದ್ದರು.

ಹೆಂಟೆ ಎಲ್ಲಿಂದ ಬರಬೇಕು? ಹುಲ್ಲು ಬೆಳೆಯುವ ನೆಲದಿಂದಲೇ. ಬೇರಿಲ್ಲದ ಮಣ್ಣು ಗೋಡೆಯಾಗುವುದಿಲ್ಲ. ಹಸು ಬೆಚ್ಚಗಿರಲೆಂದು ಹಸುವಿನ ಮೇವಿನ ನೆಲವನ್ನೇ ಸುಲಿಯುತ್ತಿದ್ದೆವು. ಇದು ನನಗೆ ಮೊದಲ ವರ್ಷವೇ ಕಂಡಿತ್ತು ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಮೂರನೇ ವರ್ಷ ಕಂಡಿತು. ಸುಲಿದ ಜಾಗದಲ್ಲಿ ಹುಲ್ಲು ಮರಳಿ ಬಂದಿರಲಿಲ್ಲ. ಬರೀ ಮರಳು ಕಾಣುತ್ತಿತ್ತು, ಹಿಮಗಡ್ಡೆಯ ಕಡೆಯಿಂದ ಬೀಸುವ ಗಾಳಿ ಆ ಮರಳನ್ನೂ ಎತ್ತಿಕೊಂಡು ಹೋಗುತ್ತಿತ್ತು.

"ಮಾವ, ಅಲ್ಲಿ ಹುಲ್ಲು ಬಂದಿಲ್ಲ ನೋಡಿ," ಎಂದೆ.

"ಬರುತ್ತೆ ಬಿಡವ್ವ. ನಮ್ಮಜ್ಜ ತೆಗೆದ ಜಾಗದಲ್ಲಿ ಬಂದಿರಲಿಲ್ವಾ? ನೆಲಕ್ಕೆ ಅದರ ಕೆಲಸ ಗೊತ್ತು. ನೀನು ನಿನ್ನ ಕೆಲಸ ನೋಡು."

"ಅಜ್ಜನ ಕಾಲದಲ್ಲಿ ಬೇಸಿಗೆ ಇರ್ತಿತ್ತು."

"ನಿನ್ನ ನಾಲಗೆಗೊಂದು ಹೆಂಟೆ ಇಡಬೇಕು ನೋಡು," ಎಂದು ನಕ್ಕರು. ನಾನೂ ನಕ್ಕೆ. ಆಗ ಇನ್ನೂ ನಗುವಷ್ಟು ಇತ್ತು.

ಅಜ್ಜನ ಕಾಲದ ಬಗ್ಗೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಸುಲಿದ ನೆಲ ಹತ್ತು ವರ್ಷದಲ್ಲಿ ಹಸಿರಾಗುತ್ತಿತ್ತಂತೆ. ಹುಲ್ಲು ಮೊದಲಿನ ಹಾಗಿಲ್ಲ ಎನ್ನುವುದೊಂದೇ ಅವರ ತಲೆಗೆ ಹೋಗಲಿಲ್ಲ. ಅವರೊಬ್ಬರನ್ನು ದೂರಿ ಏನು ಪ್ರಯೋಜನ, ಕೊಲ್ಲಿಯಲ್ಲಿ ಯಾರ ತಲೆಗೂ ಹೋಗಲಿಲ್ಲ.

ಪಾದ್ರಿ ಬದುಕಿದ್ದಾಗ ಹಾಕಿಕೊಟ್ಟ ಲೆಕ್ಕದಲ್ಲಿ ಅದು ಕ್ರಿಸ್ತನ ಸಾವಿರದ ಮುನ್ನೂರ ಐವತ್ತೆರಡನೇ ವರ್ಷ. ಆ ವಸಂತದಲ್ಲಿ ಕೊಲ್ಲಿಯ ಬಾಯಿ ಹಿಮದಿಂದ ಕಟ್ಟಿಕೊಂಡು ಸೀಲ್ ಹಿಂಡು ಒಳಗೆ ಬರಲಿಲ್ಲ. ಪ್ರತಿ ವಸಂತದಲ್ಲೂ ಗಂಡಸರೆಲ್ಲ ದೋಣಿ ಸಾಲುಗಟ್ಟಿ ಅವನ್ನು ದಡಕ್ಕೆ ಅಟ್ಟಿ ಹೊಡೆಯುತ್ತಿದ್ದರು. ಆ ಮಾಂಸದಲ್ಲೇ ಅರ್ಧ ವರ್ಷ ಕಳೆಯುತ್ತಿತ್ತು. ಈ ಸಲ ದೋಣಿಗಳು ಮೂರು ವಾರ ಕಾದು ಬರಿಗೈಯಲ್ಲಿ ಮರಳಿದವು. ಹಿಮ ಸ್ವಲ್ಪ ಬಿರಿದ ಕೂಡಲೇ ನನ್ನ ಗಂಡ ಸಿಗ್ವಾತ್ ಐದು ಜನರ ಜೊತೆ ಉತ್ತರಕ್ಕೆ ವಾಲ್ರಸ್ ದಂತ ತರಲು ಹೋದ. ನಾನು ಆಗ ಬಸುರಿ. ದೋಣಿ ಹತ್ತುವಾಗ, "ಹುಲ್ಲು ಕುಯ್ಲಿಗೆ ಬಂದುಬಿಡ್ತೀನಿ," ಎಂದ. ಕುಯ್ಲಿನ ಕೊನೆಯ ವಾರ ಮಗಳು ಆಸಾ ಹುಟ್ಟಿದಳು. ಸಿಗ್ವಾತ್ ಬರಲಿಲ್ಲ.

ಅದೇ ಬೇಸಿಗೆ ದೊಡ್ಡಮನೆಯ ಹಾಲ್ದೋರ್ ತನ್ನ ಹಸು, ಸಾಮಾನು, ಜನ ಎಲ್ಲ ದೋಣಿಗೇರಿಸಿ ದಕ್ಷಿಣದ ವಸತಿಗೆ ಹೊರಟ. ಎರಡು ಮನೆಯವರು ಅವನ ಹಿಂದೆ ಹೋದರು. ನಮ್ಮನ್ನೂ ಕರೆದ. "ಜನಕ್ಕೆ ಜಾಗ ಇದೆ, ನಿಮ್ಮ ಹಸುವಿಗಿಲ್ಲ. ಅಲ್ಲಿ ನಮ್ಮನೆ ಕೆಲಸಕ್ಕಿರಿ," ಎಂದ. ಮಾವ ಹಾಲ್ದೋರನ ಖಾಲಿ ಕೊಟ್ಟಿಗೆಗೆ ಹೋಗಿ ಗೋಡೆಗೆ ಕೈ ಇಳಿಸಿ ನಿಂತರು, ಹಾಗೇ ಮನೆಗೆ ಬಂದರು. ಊಟಕ್ಕೆ ಕೂತಾಗ, "ಹಸು ಇಲ್ದೆ ನಾವು ಯಾರು ಹೇಳು?" ಎಂದು ಒಂದೇ ಮಾತು ಕೇಳಿದರು.

ಹೀಗೆ ಆ ಚಳಿಗಾಲದ ಹೊಸ್ತಿಲಲ್ಲಿ ಮನೆಯಲ್ಲಿ ಉಳಿದದ್ದು ಮಾವ, ನಾನು, ಎದೆಹಾಲು ಕುಡಿಯುವ ಆಸಾ ಮತ್ತು ಹುಪ್ಪಾ ಎಂಬ ಒಂದು ಹಸು. ಹುಪ್ಪಾ ಗಬ್ಬವಾಗಿತ್ತು. ಮೇ ತಿಂಗಳ ನಡುವೆ ಕರು ಹಾಕಬೇಕಿತ್ತು. ಹುಪ್ಪಾ ಕರು ಹಾಕಿದರೆ ಹಾಲು, ಹಾಲಿದ್ದರೆ ಆಸಾ. ಮೂರು ಜನರ ಲೆಕ್ಕ ಇಷ್ಟೇ ಇತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ.

ನೆಲ ಹೆಪ್ಪುಗಟ್ಟುವ ಮೊದಲಿನ ವಾರ ಮಾವ ಗುದ್ದಲಿ ತೆಗೆದುಕೊಂಡು ಬಾಗಿಲ ಮುಂದಿನ ಹುಲ್ಲುಗದ್ದೆಗೆ ಇಳಿದರು. ನಮಗೆ ಉಳಿದಿದ್ದ ಒಳ್ಳೆಯ ಹುಲ್ಲು ಅದೊಂದೇ. ನಾನು ಕುಯ್ದದ್ದು ಅರ್ಧ, ಇನ್ನರ್ಧ ಗಿಡ್ಡ ಹುಲ್ಲು ನಿಂತೇ ಇತ್ತು, ಮಂಜು ಬೀಳುವತನಕ ಹುಪ್ಪಾ ಮೇಯಲೆಂದು ಬಿಟ್ಟದ್ದು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗಿ ಅವರ ಗುದ್ದಲಿಯ ಮುಂದೆ ನಿಂತೆ.

"ಇದೊಂದು ಬೇಡ ಮಾವ. ಕಾಲಿಗೆ ಬೀಳ್ತೀನಿ."

"ಗೋಡೆ ಐದು ಮೊಳ ಇದೆ. ಹೋದ್ಸಲ ಒಳಗೆ ಹಸುವಿನ ಉಸಿರು ಗೋಡೆ ಮೇಲೆ ಹೆಪ್ಪುಗಟ್ಟಿತ್ತು, ನೀನೇ ನೋಡ್ದೆ. ಹಸು ಸೆಟೆದು ಸತ್ರೆ ಈ ಹುಲ್ಲನ್ನ ಯಾರ ಬಾಯಿಗೆ ಇಡ್ತೀಯಾ?"

"ಹುಲ್ಲಿಲ್ದೆ ಸತ್ರೆ ನಿಮ್ಮ ಗೋಡೇನ ಯಾರ ಬಾಯಿಗೆ ಇಡ್ತೀರಾ?"

ಅವರು ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ನಲವತ್ತು ವರ್ಷ ಚಳಿ ಎಂದರೆ ಗೋಡೆ ಎಂದು ಬದುಕಿದ ಮನುಷ್ಯನ ಕೈಯಲ್ಲಿ ಬೇರೆ ಉಪಾಯವೇ ಇರಲಿಲ್ಲ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಐದು ದಿನದಲ್ಲಿ ಗದ್ದೆ ಬೋಳಾಯಿತು, ಗೋಡೆ ಆರು ಮೊಳವಾಯಿತು. ಹಸಿರು ತಲೆಯ ಹೆಂಟೆಗಳನ್ನು ಒಳಮುಖವಾಗಿ ಇಟ್ಟು ಎಷ್ಟು ಚೆಂದ ಪೇರಿಸಿದ್ದರೆಂದರೆ ಕೂದಲೆಳೆಯ ಸಂದಿಲ್ಲ. ಅವರ ಜೀವಮಾನದ ಅತ್ಯುತ್ತಮ ಗೋಡೆ ಅದೇ.

ಆಮೇಲಿನ ದಿನಗಳನ್ನು ನಾನು ಹೊಗೆಯಲ್ಲಿ ಎಣಿಸುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆರೆದರೆ ಕೊಲ್ಲಿಯ ಆಚೆ ಈಚೆ ಇನ್ನೂ ಉಳಿದ ನಾಲ್ಕು ಮನೆಗಳ ಹೊಗೆ ಕಾಣಬೇಕು. ಕ್ರಿಸ್ಮಸ್ಸಿಗೆ ಮೂರಾಯಿತು. ಹೊಸ ವರ್ಷಕ್ಕೆ ಒಂದು. ಎದುರು ದಡದ ಥೋರಾಳ ಮನೆಯದು. ಥೋರಾ ನನ್ನ ಹೆರಿಗೆ ಮಾಡಿಸಿದವಳು. ಒಂದು ಬೆಳಿಗ್ಗೆ ಅದೂ ಕಾಣಲಿಲ್ಲ. ಹಿಮದ ಮೇಲೆ ನಡೆದು ಹೋಗಿ ನೋಡಬಹುದಿತ್ತು. ನಾನು ಹೋಗಲಿಲ್ಲ. ಬಾಗಿಲು ತಳ್ಳಿದರೆ ಏನು ಕಾಣುತ್ತದೋ ಎಂಬ ಹೆದರಿಕೆಗೆ ಹೋಗಲಿಲ್ಲ.

ಮನೆಯೊಳಗೂ ಹೆದರಿಕೆ ಬೇರೆ ಬೇರೆ ಸದ್ದುಗಳಲ್ಲಿ ಬರುತ್ತಿತ್ತು. ಮಜ್ಜಿಗೆ ಪೀಪಾಯಿಯೊಳಗೆ ಸೌಟು ತಳಕ್ಕೆ ತಾಗಿ ಕರಕರ ಅನ್ನುವ ಸದ್ದು. ಪಕ್ಕದ ಕೊಟ್ಟಿಗೆಯಲ್ಲಿ ಹುಪ್ಪಾ ಖಾಲಿ ಗೋದಲಿ ನೆಕ್ಕುವ ಸದ್ದು. ಹುಲ್ಲು ದಿನಕ್ಕೆ ಎರಡು ತೆಕ್ಕೆ ಇದ್ದದ್ದು ಒಂದಾಯಿತು, ಅರ್ಧವಾಯಿತು. ಕಡಿಮೆ ಬಿದ್ದದ್ದು ಸರಿಯಾಗಿ ಬಾಗಿಲ ಮುಂದಿನ ಆ ಗದ್ದೆಯಷ್ಟೇ. ಮೂಳೆ ಬೇಯಿಸಿದ ನೀರು ಕುಡಿದು ನನ್ನ ಎದೆಯಲ್ಲಿ ಹಾಲು ಇಂಗುತ್ತಾ ಬಂತು. ಆಸಾ ಮೊದಲು ಕಿರುಚುತ್ತಿದ್ದಳು. ಆಮೇಲೆ ಬೆಕ್ಕಿನ ಮರಿಯ ಹಾಗೆ ಮುಲುಗುತ್ತಿದ್ದಳು. ಫೆಬ್ರುವರಿಯ ಮೊದಲಲ್ಲಿ, ಮೇಣದಬತ್ತಿ ಹಬ್ಬದ ದಿನ, ಅಳುವುದನ್ನೇ ನಿಲ್ಲಿಸಿದಳು. ಕಣ್ಣು ಬಿಟ್ಟುಕೊಂಡು ಸೂರಿನ ಕಡೆ ನೋಡುತ್ತಾ ಮಲಗಿದ್ದಳು. ನಾನು ಅಲ್ಲಿಯವರೆಗೆ ಪಟ್ಟದ್ದು ಹೆದರಿಕೆಯೇ ಅಲ್ಲ ಎಂದು ಆವತ್ತು ಗೊತ್ತಾಯಿತು.

"ಹುಪ್ಪಾನ ಕಡೀರಿ ಮಾವ," ಎಂದೆ.

"ಇನ್ನು ಮೂರು ತಿಂಗಳು ಕಣವ್ವ. ಕರು ಬರುತ್ತೆ."

"ಮೂರು ತಿಂಗಳು ಇವಳು ಇರಲ್ಲ."

"ಕಡಿದ್ರೆ ಒಂದು ತಿಂಗಳು ತಿನ್ಬೋದು. ಆಮೇಲೆ?"

"ಕರು ಬಂದ್ರೂ ವಸಂತದಲ್ಲಿ ಹುಪ್ಪಾನ ಹೊರಗೆ ಹೊರೋರು ಯಾರು? ಹೇಳಿ, ಯಾರಿದಾರೆ?"

ಚಳಿಗಾಲ ಕಳೆದ ಹಸುವಿಗೆ ಎದ್ದು ನಡೆಯುವ ಶಕ್ತಿ ಇರುವುದಿಲ್ಲ. ಪ್ರತಿ ವಸಂತದಲ್ಲೂ ಎಂಟು ಮನೆಯವರು ಸೇರಿ ಒಂದೊಂದೇ ಕೊಟ್ಟಿಗೆಗೆ ಹೋಗಿ ಹಸುಗಳನ್ನು ಕಂಬಳಿಯಲ್ಲಿ ಹೊತ್ತು ಹುಲ್ಲಿನ ಮೇಲೆ ಇಳಿಸುತ್ತಿದ್ದೆವು. ಹಸುವಿಗೊಂದು ಬೈಗುಳ, ಹೊರುವವರಿಗೆ ಒಂದೊಂದು ಬೋಗುಣಿ ಮಜ್ಜಿಗೆ. ವರ್ಷದಲ್ಲಿ ನಾವು ಮನಸಾರೆ ನಗುತ್ತಿದ್ದ ದಿನ ಅದು. ಈಗ ಹೊರಲು ಒಬ್ಬ ಮುದುಕ, ಒಬ್ಬಳು ಬಾಣಂತಿ.

ಮಾರನೆಯ ದಿನ ಮಧ್ಯಾಹ್ನ ಮಾವ ಹೊರಗಿನಿಂದ ಬಂದು ಬಾಗಿಲು ಹಾಕಿ ಅಗುಳಿ ಇಟ್ಟರು.

"ಹಿಮದ ಮೇಲೆ ಜನ," ಎಂದರು.

ಸ್ಕ್ರೇಲಿಂಗರು. ಉತ್ತರದಿಂದ ಅಲೆದು ಬರುವ ತೊಗಲುಡುಗೆಯ ಆ ಜನಕ್ಕೆ ನಮ್ಮವರು ಮೂಗು ಮುರಿದು ಇಟ್ಟ ಹೆಸರು ಅದು. ದಿನವಿಡೀ ಹಿಮದ ತೂತಿನ ಮುಂದೆ ಕುಕ್ಕರಗಾಲಲ್ಲಿ ಕೂರುವ ಸೋಮಾರಿಗಳೆಂದು ಗೇಲಿ ಮಾಡುತ್ತಿದ್ದೆವು. ಮಾಟ ಮಾಡುತ್ತಾರೆ, ಜೊತೆಯಿಲ್ಲದವರು ಸಿಕ್ಕರೆ ಬಿಡುವುದಿಲ್ಲ ಎಂದು ಪಾದ್ರಿಯೇ ಹೇಳಿದ್ದರು. ಕೊಲ್ಲಿಯಲ್ಲಿ ನಾವಿಬ್ಬರೇ, ಕೂಗಿದರೆ ಕೇಳುವವರಿಲ್ಲ. ನಾನು ಕೊಡಲಿ ತಂದು ಮಗುವಿನ ಪಕ್ಕ ಇಟ್ಟುಕೊಂಡೆ. ಮಾವ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತರು. ಬಹಳ ಹೊತ್ತು ನಿಂತರು.

"ಏನ್ಮಾಡ್ತಿದಾರೆ ಮಾವ?"

"ಗೋಡೆ ಕಟ್ತಿದಾರೆ."

"ಏನು?"

"ಮಂಜಿನಲ್ಲಿ ಗೋಡೆ ಕಟ್ತಿದಾರೆ ಕಣೇ. ದಡ್ಡಮುಂಡೇವು. ಒಳಕ್ಕೆ ವಾಲಿಸ್ತಿದಾರೆ. ಹಂಗೆ ವಾಲಿಸಿದ್ರೆ ನಿಲ್ಲುತ್ತಾ? ಸಂಜೆಯೊಳಗೆ ಬೀಳುತ್ತೆ ನೋಡ್ತಿರು."

ಸಂಜೆಯೊಳಗೆ ಬೀಳಲಿಲ್ಲ. ಮಾರನೆಯ ಬೆಳಿಗ್ಗೆ ಗಾಳಿ ಬೀಸಿತು. ನಮ್ಮ ಸೂರು ನಡುಗುವ ಗಾಳಿ. ಮಾವ ಊಟಕ್ಕೂ ಬಾರದೆ ಸಂದಿಯಲ್ಲೇ ನಿಂತರು. ಅದು ಬೀಳುವುದನ್ನು ನೋಡದೆ ಅವರಿಗೆ ನೆಮ್ಮದಿಯಿರಲಿಲ್ಲ. ಮೂರನೆಯ ದಿನ ಗಾಳಿ ನಿಂತಾಗ ಎರಡು ಬಿಳಿ ಗುಮ್ಮಟಗಳು ಇದ್ದ ಹಾಗೇ ಇದ್ದವು, ನೆತ್ತಿಯಿಂದ ಸಣ್ಣಗೆ ಹೊಗೆ.

"ಬಿದ್ದಿಲ್ಲ," ಎಂದರು ಮಾವ. ಯಾರೋ ಅವಮಾನ ಮಾಡಿದ ಹಾಗಿತ್ತು ದನಿ. ಆಮೇಲೆ ಗುದ್ದಲಿ ತೆಗೆದುಕೊಂಡು ಅಗುಳಿ ಸರಿಸಿದರು.

"ಎಲ್ಲಿಗೆ ಮಾವ? ಕೊಂದುಹಾಕ್ತಾರೆ."

"ಒಂದ್ಸಲ ಕೈ ಇಟ್ಟು ನೋಡ್ಬಿಟ್ಟು ಬರ್ತೀನಿ."

ಹಸಿವಿಗಾಗಿ ಹೋಗದ ಮನುಷ್ಯ, ಮೊಮ್ಮಗಳಿಗಾಗಿ ಬೇಡಲು ಹೋಗದ ಮನುಷ್ಯ, ಗೋಡೆ ನೋಡಲು ಹೋದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಬ್ಬಳೇ ಉಳಿಯುವ ಧೈರ್ಯವಿರಲಿಲ್ಲ. ಆಸಾಳನ್ನು ಕಂಬಳಿಯಲ್ಲಿ ಸುತ್ತಿ, ಕೊಡಲಿಯನ್ನು ಮೇಲ್ಹೊದಿಕೆಯಡಿ ಇಟ್ಟುಕೊಂಡು ಹಿಂದೆಯೇ ಹೊರಟೆ. ಕಾಲಡಿಯಲ್ಲಿ ಹಿಮ ಒಮ್ಮೊಮ್ಮೆ ದೂರದಿಂದ ದೂರಕ್ಕೆ ನರಳುತ್ತಿತ್ತು.

ಅಲ್ಲಿ ಇದ್ದದ್ದು ಎರಡು ಸಂಸಾರ. ನಾಯಿಗಳು ಬೊಗಳುತ್ತಾ ಬಂದವು. ಗಿಡ್ಡನೆಯ ಗಂಡಸೊಬ್ಬ ಮೂಳೆಯ ಚೂರಿ ಹಿಡಿದು ಮೂರನೆಯ ಗುಮ್ಮಟ ಕಟ್ಟುತ್ತಿದ್ದ. ಉಯಾರಾಕ್ ಅವನ ಹೆಸರು, ನನಗೆ ಆಮೇಲೆ ಗೊತ್ತಾಯಿತು. ನಮ್ಮನ್ನು ನೋಡಿ ಚೂರಿ ಕೆಳಗಿಟ್ಟು ಎರಡೂ ಕೈ ತೋರಿಸಿದ. ಅವನಿಗೂ ಹೆದರಿಕೆಯಾಗಿತ್ತು, ಕೈ ಅಷ್ಟೊಂದು ಬೇಗ ಎತ್ತಿದ. ಮಾವ ಅವನನ್ನು ನೋಡಲೇ ಇಲ್ಲ. ನೇರ ಗುಮ್ಮಟದ ಹತ್ತಿರ ಹೋಗಿ ಬೆರಳು ತೂರಿಸಲು ಸಂದಿ ಹುಡುಕಿದರು. ಸಂದಿ ಇರಲಿಲ್ಲ.

"ಹೆಂಗಯ್ಯಾ ನಿಲ್ಲಿಸ್ದೆ ಇದನ್ನ? ಇಲ್ಲಿ ಭಾರ ಎಲ್ಲಿಗೆ ಹೋಗುತ್ತೆ?" ಎಂದು ನಮ್ಮ ಮಾತಿನಲ್ಲೇ ಗದರಿಸಿದರು.

ಅವನು ಅವನ ಮಾತಿನಲ್ಲಿ ಏನೋ ಹೇಳಿದ. ಆಮೇಲೆ ಚೂರಿಯನ್ನು ಮಾವನ ಕಡೆ ಚಾಚಿದ. ಮಾವ ಮಂಜಿನ ಗಟ್ಟಿಯೊಂದನ್ನು ಚೌಕಾಕಾರ, ಅಚ್ಚುಕಟ್ಟಾಗಿ ಕತ್ತರಿಸಿ ಇಟ್ಟರು. ಜಾರಿ ಬಿತ್ತು. ಇನ್ನೊಂದು ಇಟ್ಟರು. ಅದೂ ಜಾರಿತು. ಆ ಮನುಷ್ಯ ಹಲ್ಲು ಬಿಟ್ಟು ನಕ್ಕು, ಗಟ್ಟಿಯ ತಳವನ್ನು ಓರೆಯಾಗಿ ಸವರಿ, ಹಿಂದಿನದಕ್ಕೆ ಒರಗಿಸಿ ಅಂಗೈಯಿಂದ ಒಂದು ಗುದ್ದು ಕೊಟ್ಟ. ಕೂತಿತು. ಸಾಲು ಸಾಲಾಗಿ ಅಲ್ಲ, ಸುತ್ತುತ್ತಾ ಸುತ್ತುತ್ತಾ ಮೇಲೇರುವ ಒಂದೇ ಗೋಡೆ ಅದು. ಒಂದು ಇನ್ನೊಂದನ್ನು ಬೀಳಲು ಬಿಡುತ್ತಿರಲಿಲ್ಲ. ಮಾವ ಬಾಯಿ ತೆರೆದುಕೊಂಡು ನೋಡಿದರು. ಅವರ ಮುಖ ಹಾಗೆ ಬೆಳಗಿದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಒಬ್ಬಳು ಹೆಂಗಸು ತೆವಳಿ ಬಂದು ನನ್ನ ಕಂಬಳಿಯನ್ನು ಬಿಡಿಸಿದಳು. ಆಸಾಳ ಕೆನ್ನೆ ಒತ್ತಿ ಬಾಯೊಳಗೆ ನೋಡಿದಳು. ಕೇಳದೆ ಎತ್ತಿಕೊಂಡಳು. ನನ್ನ ಕೈ ಕೊಡಲಿಯ ಮೇಲೆ ಹೋಯಿತು. ಅವಳು ಸೀಲಿನ ಕೊಬ್ಬಿನ ತುಂಡೊಂದನ್ನು ಬಾಯಿಗೆ ಹಾಕಿ ಅಗಿದು, ಮಗುವಿನ ತುಟಿಗೆ ತುಟಿ ಇಟ್ಟಳು. ಮಾಟ ಅಂದರೆ ಇದೇ ಅಂದುಕೊಂಡೆ. ಆಸಾ ಒಂದು ಸಲ ಕೆಮ್ಮಿದಳು, ನುಂಗಿದಳು. ಎರಡನೇ ಸಲ ಅವಳೇ ಬಾಯಿ ತೆರೆದಳು. ಆಮೇಲೆ, ನಾಲ್ಕು ದಿನದಲ್ಲಿ ಮೊದಲ ಸಲ, ಅತ್ತಳು. ನಾನು ಕೊಡಲಿಯನ್ನು ಹಿಮದ ಮೇಲೆ ಇಟ್ಟೆ.

ಆ ಕೊಬ್ಬು ಬಂದದ್ದು ನಮ್ಮ ಮನೆಯ ಮುಂದಿನ ಹಿಮದ ಅಡಿಯಿಂದ. ಉಯಾರಾಕನ ತಮ್ಮ ಅಂಗೈಯಗಲದ ತೂತಿನ ಮುಂದೆ ಮಿಸುಕದೆ ನಿಂತಿದ್ದ, ಉಸಿರಾಡಲು ಮೇಲೆ ಬರುವ ಸೀಲಿಗಾಗಿ. ನಾವು ಸೀಲನ್ನು ವಸಂತದಲ್ಲಿ, ಹಿಂಡಾಗಿ, ದೋಣಿಯಿಂದ ಮಾತ್ರ ಬಲ್ಲವರು. ಚಳಿಗಾಲವಿಡೀ ಇವು ಇಲ್ಲೇ ಇದ್ದವು. ಥೋರಾಳ ಮನೆಯ ಹೊಗೆ ನಿಂತ ದಿನವೂ ಇದ್ದವು.

ಎಂಟು ದಿನ ನಾವು ದಿನಾ ಹೋದೆವು. ಮಾವ ಗುಮ್ಮಟ ಕಟ್ಟುವುದನ್ನು ಕಲಿತರು, ನಾನು ಆ ಹೆಂಗಸಿನಿಂದ, ಪಾನಿಕ್ ಅವಳ ಹೆಸರು, ಕೊಬ್ಬು ಅಗಿಯುವುದನ್ನು ಕಲಿತೆ. ಒಂಬತ್ತನೇ ದಿನ ಅವರು ಜಾರುಬಂಡಿಗೆ ಸಾಮಾನು ಕಟ್ಟುತ್ತಿದ್ದರು. ಸೀಲು ಬೇರೆ ಕಡೆ ಸರಿದಿದ್ದವು. ಪಾನಿಕ್ ನನ್ನನ್ನು, ಆಸಾಳನ್ನು, ಮಾವನನ್ನು ತೋರಿಸಿ, ಆಮೇಲೆ ಬಂಡಿಯನ್ನು ತೋರಿಸಿದಳು.

ಮಾವ ಗುಮ್ಮಟಗಳನ್ನೇ ನೋಡುತ್ತಿದ್ದರು. "ಇದನ್ನ ಬಿಟ್ಟು ಹೋಗ್ತಾರಂತಾ? ಇಷ್ಟು ಒಳ್ಳೆ ಗೋಡೇನಾ?"

"ಇನ್ನೊಂದು ಕಡೆ ಕಟ್ಕೋತಾರೆ ಮಾವ. ಹೋಗೋಣ ಬನ್ನಿ. ನಿಮಗೂ ಬರುತ್ತಲ್ಲ ಈಗ."

"ಹುಪ್ಪಾ?"

"ಕಡಿದು ಮಾಂಸ ತಗೊಂಡು ಹೋಗೋಣ."

ಅವರು, "ಸಿಗ್ವಾತ್ ಬಂದ್ರೆ ಮನೇಲಿ ಯಾರಾದ್ರೂ ಇರಬೇಡ್ವಾ," ಎಂದರು. ಅವನು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಅವರ ತೋಳು ಹಿಡಿದು ಎಳೆದೆ, ಬೈದೆ, ನಿಮ್ಮ ಹಟಕ್ಕೆ ಬೆಂಕಿ ಬೀಳಲಿ ಎಂದೆ. ಆಗ ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಮಗುವಿಗೂ ಕೇಳಿಸಬಾರದು ಎಂಬ ಹಾಗೆ ಹೇಳಿದರು: "ನಂಗೆ ಹೆದ್ರಿಕೆ ಕಣವ್ವ. ನಾಳೆ ಎಲ್ಲಿ ಮಲಗ್ತೀನಿ ಅಂತ ಗೊತ್ತಿಲ್ದೆ ಬದುಕೋದು ನಂಗೆ ಬರಲ್ಲ. ಈ ವಯಸ್ಸಲ್ಲಿ ಮತ್ತೆ ಹಿಂದೆ ನಿಂತ್ಕೊಳೋಕೆ ಆಗಲ್ಲ. ನೀನು ಹೋಗು. ಮಗೂನ ಉಳಿಸ್ಕೋ."

"ಮೇವು ಮುಗೀತು ಮಾವ. ಹುಪ್ಪಾ ಒಂದು ವಾರ ಇರಲ್ಲ."

"ಮೇವಿದೆ ನನ್ನ ಹತ್ರ," ಎಂದರು. ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳು ಅಂದುಕೊಂಡೆ. ಪಾನಿಕ್ ಕೊಟ್ಟ ಒಂದಿಡೀ ಸೀಲನ್ನು ಅವರ ಬಾಗಿಲಿಗೆ ಎಳೆದು ತಂದಿಟ್ಟು, ಅವರ ಕಾಲು ಮುಟ್ಟಿ, ಹಿಂತಿರುಗಿ ನೋಡದೆ ಬಂಡಿ ಹತ್ತಿದೆ. ಹಿಂತಿರುಗಿದ್ದರೆ ಇಳಿದುಬಿಡುತ್ತಿದ್ದೆ. ಇಳಿದಿದ್ದರೆ ಆಸಾ ಇರುತ್ತಿರಲಿಲ್ಲ.

ಜುಲೈನಲ್ಲಿ ಹಿಮ ಕರಗಿದ ಮೇಲೆ ಪಾನಿಕ್ ಮನೆಯವರ ತೊಗಲಿನ ದೋಣಿಯಲ್ಲಿ ಕೊಲ್ಲಿಗೆ ಬಂದೆವು. ಇಡೀ ಕೊಲ್ಲಿಯಲ್ಲಿ ಎಲ್ಲೂ ಹೊಗೆಯಿರಲಿಲ್ಲ. ಆಸಾಳನ್ನು ಪಾನಿಕ್ ಬೆನ್ನಿಗೆ ಕಟ್ಟಿಕೊಂಡು ಹೊರಗೇ ನಿಂತಳು. ನಾನು ಮನೆಯೊಳಗೆ ಹೋದೆ. ಒಲೆಯ ಪಕ್ಕ ಸೀಲಿನ ಮೂಳೆಗಳನ್ನು ಅಚ್ಚುಕಟ್ಟಾಗಿ ಪೇರಿಸಿಟ್ಟಿದ್ದರು. ಕರೆದೆ. ಆಮೇಲೆ ಕೊಟ್ಟಿಗೆಯ ಬಾಗಿಲು ತಳ್ಳಿದೆ. ಥೋರಾಳ ಮನೆಗೆ ಹೋಗದೆ ತಪ್ಪಿಸಿಕೊಂಡದ್ದು ಇಲ್ಲಿ ಕಾದು ಕೂತಿತ್ತು.

ಹುಪ್ಪಾ ಮಲಗಿದ ಹಾಗೇ ಸತ್ತಿತ್ತು, ಕರು ಹೊಟ್ಟೆಯಲ್ಲೇ ಇತ್ತು. ಕುತ್ತಿಗೆಯ ಮೇಲೆ ಒಂದು ಗಾಯವೂ ಇರಲಿಲ್ಲ. ಮಾವನೂ ಅದರ ಹೊಟ್ಟೆಗೆ ಒರಗಿ ಕೂತ ಹಾಗೇ ಪ್ರಾಣ ಬಿಟ್ಟಿದ್ದರು, ತೊಡೆಯ ಮೇಲೆ ಗುದ್ದಲಿ. ಅವರ ಸುತ್ತ ನೆಲದ ತುಂಬ ಪುಡಿಪುಡಿ ಮಣ್ಣು. ಯಾಕೆ ಮಣ್ಣು ಎಂದು ತಲೆ ಎತ್ತಿ ನೋಡಿದೆ.

ಒಳಗಿನ ಗೋಡೆ ಇರಲಿಲ್ಲ. ಗುಹೆ ಇತ್ತು. ಒಂದೊಂದೇ ಹೆಂಟೆ ಕಿತ್ತು, ಮಣ್ಣು ಉದುರಿಸಿ, ಅದರಲ್ಲಿದ್ದ ಹುಲ್ಲನ್ನು, ಬೇರನ್ನು ಬಿಡಿಸಿ ಹಸುವಿಗೆ ತಿನ್ನಿಸಿದ್ದರು. ಮೊದಲು ಕಳೆದ ಶರತ್ಕಾಲದ ಆರನೇ ಮೊಳ, ಬಾಗಿಲ ಮುಂದಿನ ಗದ್ದೆ. ಅದು ಮುಗಿದ ಮೇಲೆ ಐದನೆಯದು. ಆಮೇಲೆ ನಾಲ್ಕನೆಯದು. ಆ ಗದ್ದೆಯಲ್ಲಿ ನಾನು ಸಿಟ್ಟಿನಲ್ಲಿ ಅಂದ ಮಾತನ್ನು ಅವರು ಮಾಡಿ ನೋಡಿದ್ದರು. ಬರೀ ಬೇರಷ್ಟೇ ಉಳಿದಿದ್ದ ಮೊದಲ ಮೂರು ಮೊಳದ ಹಳೆಯ ಹೆಂಟೆಗಳನ್ನೂ ಬಿಟ್ಟಿರಲಿಲ್ಲ. ಗೋಡೆ ತೆಳ್ಳಗಾದಂತೆ ಚಳಿ ಒಳಗೆ ಬಂದಿರಬೇಕು. ಅವರಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ.

ಎಷ್ಟು ಉಳಿದಿದೆ ಎಂದು ನೋಡಬೇಕೆನ್ನಿಸಿತು. ಗುಹೆಯ ಕೊನೆಗೆ ಹೋಗಿ, ಅವರು ಮಾಡುತ್ತಿದ್ದ ಹಾಗೆಯೇ, ಸಂದಿಗೆ ಬೆರಳು ತೂರಿಸಿ ಕಣ್ಣು ಮುಚ್ಚಿ ಕೈ ಇಳಿಸಿದೆ. ಮೊಣಕೈವರೆಗೆ ಇಳಿಯುವ ಮೊದಲೇ ಬೆರಳಿಗೆ ಬಿಸಿಲು ತಾಗಿತು. ಆಚೆ ಕಡೆಯಿಂದ ಏನೋ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿಯಿತು. ನಾನು ಕಿಟಾರನೆ ಕಿರುಚಿದೆ. ಹೊರಗೆ ಪಾನಿಕ್ ನಕ್ಕಳು. ಅವಳ ಬೆನ್ನ ಮೇಲಿನಿಂದ ಬಗ್ಗಿ, ಗೋಡೆಯಿಂದ ಹೊರಬಂದ ಬೆರಳನ್ನು ಆಸಾ ಹಿಡಿದುಕೊಂಡಿದ್ದಳು. ಬಿಡಲಿಲ್ಲ. ನಾನೂ ಬಹಳ ಹೊತ್ತು ಕೈ ಎಳೆದುಕೊಳ್ಳಲಿಲ್ಲ.